ಹದಿನಾಲ್ಕು ನಿಮಿಷದ ಊರು

ಸಾರಿ-ಕೆಚ್ಚು
ಮಾರ್ಚ್ 2

ಚಿನಾರ್,

ಕೈಬರಹ ನೋಡಿಯೇ ಯಾರೆಂದು ಗೊತ್ತಾಗಿರುತ್ತದೆ. ಲಕೋಟೆ ಒಡೆಯದೆ ಒಲೆಗೆ ಹಾಕಿದ್ದರೂ ನಿನ್ನನ್ನು ನಾನು ಏನೂ ಅನ್ನುವ ಹಾಗಿಲ್ಲ. ಒಡೆದಿದ್ದೀಯ ಎಂದುಕೊಂಡು ಬರೆಯುತ್ತಿದ್ದೇನೆ.

ನನಗೆ ಭಯವಾಗಿದೆ. ಸುತ್ತಿ ಬಳಸಿ ಹೇಳಲು ಬರುತ್ತಿಲ್ಲ, ಅದಕ್ಕೇ ಇದನ್ನು ಮೊದಲು ಬರೆದೆ. ಊರ ಮೇಲೆ ಹಿಮದ ಬುಡದಲ್ಲಿ ಒಂದು ಕೆರೆ ಇತ್ತಲ್ಲ, ನಾವು ಹುಡುಗಿಯರಿದ್ದಾಗ ಕುರಿಗಳು ಬಾಯಿ ಹಾಕುವಷ್ಟು ಇದ್ದದ್ದು, ಅದು ಈಗ ಊರಿಗಿಂತ ದೊಡ್ಡದಾಗಿದೆ. ಹೋದ ಶರತ್ಕಾಲದಲ್ಲಿ ರಾಜಧಾನಿಯಿಂದ ಮೂರು ಜನ ಬಂದು ಅಳೆದು ಹೋದರು. ಅದಕ್ಕೆ ಕಟ್ಟೆ ಅಂತ ಇರುವುದು ಬರೀ ಮಂಜುಗಡ್ಡೆ ಮತ್ತು ಕಲ್ಲು, ಬೇಸಿಗೆಯಲ್ಲಿ ಯಾವತ್ತು ಬೇಕಾದರೂ ಒಡೆಯಬಹುದು ಅಂದರು. ಮೇಲೆ ಒಬ್ಬ ಕಾವಲಿನವನನ್ನು ಕೂರಿಸಿದ್ದಾರೆ. ಅವನು ಸೈರನ್ ಕೂಗಿಸಿದ ಹದಿನಾಲ್ಕು ನಿಮಿಷಕ್ಕೆ ನೀರು ನಮ್ಮ ಶಾಲೆಯ ಅಂಗಳದಲ್ಲಿರುತ್ತದಂತೆ, ಮಾಡಿನ ಎತ್ತರಕ್ಕೆ.

ಶಾಲೆಯಲ್ಲಿರುವ ಮಕ್ಕಳು ನಲವತ್ತೊಂದು. ಅದರಲ್ಲಿ ಒಬ್ಬಳು ನನ್ನ ಮೀರಿಮ್, ಏಳು ವರ್ಷ. ಊರ ಮುಖ್ಯಸ್ಥ ತುರ್ಗುನ್‌ಬಾಯ್ ಗೋಡೆಗೆ ನಕ್ಷೆ ಅಂಟಿಸಿದ್ದಾರೆ: ಶಾಲೆ, ಸೇತುವೆ, ಸೇತುವೆ ದಾಟಿ ಕಣ, ಕಣದಿಂದ ದೊಡ್ಡ ಗುಡ್ಡ. ಉದ್ದಕ್ಕೂ ಕೆಂಪು ಬಾಣ, ಕೆಳಗೆ ‘ಹತ್ತು ನಿಮಿಷ’ ಅಂತ ಮೊಹರು. ಮಕ್ಕಳು ಬಾಣಕ್ಕೆ ಮೀಸೆ ಬಿಡಿಸಿಟ್ಟಿದ್ದಾರೆ.

ನಾನಿಲ್ಲಿ ಕಂಪ್ಯೂಟರ್ ಮೇಷ್ಟ್ರು. ಒಂಬತ್ತು ಹಳೆಯ ಯಂತ್ರಗಳಿವೆ. ಗೋಡೆಯ ಕಾಗದ ಓದದ ಮಕ್ಕಳು ಆಟವಾದರೆ ಊಟ ಬಿಟ್ಟು ಆಡುತ್ತವೆ. ನಮ್ಮ ಊರನ್ನೇ ಒಂದು ಆಟ ಮಾಡಿಬಿಟ್ಟರೆ, ದಿನಕ್ಕೆ ಹತ್ತು ಸಲ ಆ ದಾರಿ ಓಡಿದರೆ, ಸೈರನ್ ಕೂಗಿದಾಗ ತಲೆ ಕೆಟ್ಟರೂ ಕಾಲಿಗೆ ದಾರಿ ಗೊತ್ತಿರುತ್ತದೆ ಅನ್ನಿಸಿತು. ಆಟ ಕಟ್ಟುವ ಎಡಿಟರ್ ಹಾಕಿಕೊಂಡೆ. ತೆರೆದರೆ ಬೂದು ಬಯಲು, ನಡುವೆ ಒಂದು ಗೊಂಬೆ ನಿಂತಿದೆ. ಒಂದು ಗಂಟೆ ನೋಡುತ್ತ ಕೂತು ಮುಚ್ಚಿಬಿಟ್ಟೆ. ನಿನ್ನ ಕಸುಬೇ ಅದು ಎಂದು ನಿಮ್ಮ ಚಿಕ್ಕಮ್ಮ ಹೇಳಿದರು. ಕಲಿಸಿಕೊಡು. ಇಲ್ಲಿಯ ಇಂಟರ್ನೆಟ್‌ನಲ್ಲಿ ಒಂದು ಫೋಟೋ ಹೋಗುವುದೂ ಕಷ್ಟ. ಎಸೆನ್‌ಕುಲ್ ವಾರಕ್ಕೊಮ್ಮೆ ಟ್ಯಾಕ್ಸಿ ತರುತ್ತಾನೆ, ಕಾಗದವನ್ನೂ ಪೆನ್‌ಡ್ರೈವನ್ನೂ ಅವನ ಕೈಗೇ ಕೊಡು.

ಕೇಳುವ ಮುಖ ನನಗಿಲ್ಲ, ಗೊತ್ತು.

ಬುರುಲ್


ಬಿಷ್ಕೆಕ್
ಮಾರ್ಚ್ 11

ಬುರುಲ್,

ಒಲೆಗೆ ಹಾಕೋಣವೆಂದರೆ ಈ ಮನೆಯಲ್ಲಿ ಒಲೆಯಿಲ್ಲ, ಬಿಸಿನೀರಿನ ಕೊಳವೆಯಿದೆ. ಹನ್ನೆರಡು ವರ್ಷ ನಾನು ಸತ್ತೆನೋ ಬದುಕಿದೆನೋ ಎಂದು ಕೇಳದವಳು ಈಗ ಪಾಠ ಹೇಳಿಕೊಡು ಅಂತ ಬಂದೆ. ಆಗಲಿ. ಮಕ್ಕಳ ಹೆಸರು ಹೇಳಿದೆ, ಅದಕ್ಕೆ ಬರೆಯುತ್ತಿದ್ದೇನೆ. ನಿನಗೋಸ್ಕರ ಅಂತ ಉಬ್ಬಬೇಡ.

ಎಲ್ಲರೂ ಮಾಡುವ ಮೊದಲ ತಪ್ಪನ್ನು ನೀನೂ ಮಾಡುತ್ತೀಯ. ಕೂತ ಕೂಡಲೇ ಒಂದು ಚೆಂದದ ಮನೆ ಕಟ್ಟಿ, ಕಿಟಕಿಗೆ ನೀಲಿ ಬಳಿದು, ಮುಂದೆ ಏಪ್ರಿಕಾಟ್ ಗಿಡ ನೆಡುತ್ತೀಯ. ಬೇಡ. ಬರೀ ಪೆಟ್ಟಿಗೆ ಇಡು, ಬೂದು ಬಣ್ಣದ ಪೆಟ್ಟಿಗೆ. ಶಾಲೆಗೊಂದು, ಸೇತುವೆಗೊಂದು, ಮನೆಗೊಂದು. ಬಣ್ಣ ಹಚ್ಚುವ ಆಸೆ ಬಂದಾಗ ಕೈಗಳನ್ನು ಕುಂಡೆಯ ಕೆಳಗೆ ಇಟ್ಟುಕೊಂಡು ಕೂತುಕೋ. ಪೆಟ್ಟಿಗೆಗಳ ನಡುವೆ ಹತ್ತು ಸಲ ಓಡಾಡಿ ಸರಿ ಅನ್ನಿಸಿದ ಮೇಲೆ ಬಣ್ಣ.

ಬಯಲಿನ ಮೇಲೆ ಕಾಣುವ ಒಂದು ಚೌಕ ಅಂದರೆ ಒಂದು ಮೀಟರ್. ಚೌಕಕ್ಕೆ ಅಂಟಿಕೊಳ್ಳುವ ಗುಂಡಿ ಇದೆ, ಅದನ್ನು ಒತ್ತಿಯೇ ಇಡು. ಇಲ್ಲದಿದ್ದರೆ ಎರಡು ಪೆಟ್ಟಿಗೆಗಳ ನಡುವೆ ಕೂದಲೆಳೆಯಷ್ಟು ಸಂದಿ ಉಳಿದು ಗೊಂಬೆ ಅದರೊಳಗೆ ಬಿದ್ದುಹೋಗುತ್ತದೆ.

ಪೆನ್‌ಡ್ರೈವಿನಲ್ಲಿ ನಾನು ಕಳಿಸಿರುವ ಗೊಂಬೆಗೆ ಏಳು ವರ್ಷದ ಮಗುವಿನ ಎತ್ತರ, ಏಳು ವರ್ಷದ ಮಗುವಿನ ನಡಿಗೆ. ಅದನ್ನು ಮುಟ್ಟಬೇಡ. ಗೊಂಬೆಗೆ ಊರು ಹೊಂದಬೇಕು, ಊರಿಗೆ ಗೊಂಬೆಯಲ್ಲ. ಈ ಒಂದು ಮಾತು ನೆನಪಿಟ್ಟುಕೊಂಡರೆ ಅರ್ಧ ಕಲಿತ ಹಾಗೆ.

ಚಿನಾರ್


ಸಾರಿ-ಕೆಚ್ಚು
ಏಪ್ರಿಲ್ 1

ಚಿನಾರ್,

ಉಬ್ಬಿಲ್ಲ. ಆದರೂ ನಿನ್ನ ಕಾಗದವನ್ನು ಮೂರು ಸಲ ಓದಿದೆ.

ಏಪ್ರಿಕಾಟ್ ಗಿಡ ನೆಟ್ಟಿದ್ದೆ, ನಿಜ. ಕಿತ್ತೆ. ಶಾಲೆ ಇಟ್ಟೆ, ಅದು ದೊಡ್ಡ ಗುಡ್ಡಕ್ಕಿಂತ ದೊಡ್ಡದಾಗಿ ಬಂತು. ಗೊಂಬೆಯನ್ನು ಬಾಗಿಲಿನ ಪಕ್ಕ ನಿಲ್ಲಿಸಿದಾಗಲೇ ಗೊತ್ತಾದದ್ದು, ಪಾಪ, ಹೊಸ್ತಿಲಷ್ಟೂ ಎತ್ತರವಿಲ್ಲ. ಎಲ್ಲ ಅಳಿಸಿ ಮತ್ತೆ ಶುರುಮಾಡಿದೆ. ಶಾಲೆಯ ಹಳೆಯ ಭೂಪಟದಿಂದ ದೂರಗಳನ್ನು ಮೀಟರಿನಲ್ಲಿ ತೆಗೆದುಕೊಂಡೆ. ಶಾಲೆಯಿಂದ ದೊಡ್ಡ ಗುಡ್ಡದ ನೆತ್ತಿಗೆ ಸುಮಾರು ಎರಡು ಸಾವಿರ.

ಅಂಟುವ ಗುಂಡಿಯನ್ನು ಒಂದೇ ಒಂದು ಕಡೆ ಮರೆತಿದ್ದೆ, ಸೇತುವೆಯ ಹತ್ತಿರ. ಮೊದಲ ಸಲ ಆಡಿದ್ದು ಮೀರಿಮ್. ಗೊಂಬೆ ಸೇತುವೆಗೆ ಕಾಲಿಟ್ಟಿತು, ಬಿತ್ತು. ನೀರಿಗಲ್ಲ, ನೆಲದ ಕೆಳಗೆ. ಬೂದು ಬಣ್ಣದಲ್ಲಿ ಬೀಳುತ್ತಲೇ ಹೋಯಿತು, ನಿಲ್ಲಲೇ ಇಲ್ಲ. ಮಗು ಕುರ್ಚಿಯಿಂದ ಇಳಿದು ನನ್ನ ಸ್ಕರ್ಟಿನಲ್ಲಿ ಮುಖ ಹುದುಗಿಸಿತು. ಯಂತ್ರದ ತಂತಿಯನ್ನೇ ಕಿತ್ತುಬಿಟ್ಟೆ. ಸೇತುವೆಯ ಹತ್ತಿರ ಅಂತ ಬರೆದೆನಲ್ಲ, ಯಾಕೆ ಕಿತ್ತೆ ಅಂತ ನಿನಗೆ ಹೇಳಬೇಕಿಲ್ಲ.

ನನ್ನ ಅತ್ತೆ ಸಾಕಿಶ್ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಎಪ್ಪತ್ತೆರಡು ವರ್ಷ, ಕೋಲು ಹಿಡಿದರೂ ನಾಲಿಗೆಗೆ ಕೋಲು ಬೇಡ.

“ಇದೇನಾ ಮಕ್ಕಳನ್ನ ಕಾಪಾಡೋದು? ಸೇತುವೆ ಮೇಲೇ ಕೊಂದ್ಯಲ್ಲೇ!”

“ತಪ್ಪಾಗಿದೆ ಅತ್ತೆ, ಸರಿಮಾಡ್ತೀನಿ.”

“ಮಾಡು ಮಾಡು. ಹಾಗೇ ಒಲೆ ಮೇಲಿರೋ ಹಾಲೂ ಸರಿಮಾಡು, ಅರ್ಧ ನೆಲದ ಮೇಲಿದೆ.”

ಬುರುಲ್


ಬಿಷ್ಕೆಕ್
ಏಪ್ರಿಲ್ 12

ಬುರುಲ್,

ನಿನ್ನ ಊರಿನಲ್ಲಿ ಓಡಾಡಿದೆ. ಪರವಾಗಿಲ್ಲ, ಕೈ ಕೂರುತ್ತಿದೆ.

ಇನ್ನು ಮುಂದಿನದು. ದಾರಿ ತೋರಿಸಲು ಬಾಣ ಹಾಕಬೇಡ, ಬಾಣಕ್ಕೆ ಮೀಸೆ ಬರುತ್ತದೆ. ಬೆಳಕು ಹಾಕು. ಹೋಗಬಾರದ ಓಣಿಯನ್ನು ಮಂಕಾಗಿಸು, ಹೋಗಬೇಕಾದ ಕಡೆ ಬಿಸಿಲು ಬೀಳಿಸು. ಆಡುವವರು ಬೆಳಕಿನ ಕಡೆಗೆ ತಾವಾಗಿ ತಿರುಗುತ್ತಾರೆ, ಯಾಕೆಂದು ಅವರಿಗೂ ಗೊತ್ತಿರುವುದಿಲ್ಲ. ತಲುಪಬೇಕಾದ ಜಾಗ ಹೆಜ್ಜೆಹೆಜ್ಜೆಗೂ ಎಲ್ಲಿಂದಾದರೂ ಕಾಣುತ್ತಿರಬೇಕು. ದಾರಿಯ ಪಕ್ಕದಲ್ಲಿ ಕುದುರೆಮರಿ, ಉಯ್ಯಾಲೆ ಅಂತ ಮುದ್ದಾದದ್ದೇನೂ ಇಡಬೇಡ.

ಮಕ್ಕಳು ಆಡುವಾಗ ಹಿಂದೆ ನಿಂತು ನೋಡು, ಆದರೆ ಬಾಯಿ ಬಿಡಬೇಡ. ‘ಅಲ್ಲಲ್ಲ, ಎಡಕ್ಕೆ’ ಅಂತ ನಾಲಿಗೆ ತುದಿಗೆ ಬಂದರೂ ನುಂಗಿಕೋ. ನೀನು ಹೇಳಿಕೊಟ್ಟರೆ ಈ ಆಟದ ಊರಿನ, ನಾವು ಅನ್ನುವ ಲೆವೆಲ್‌ನ ತಪ್ಪು ಅಡಗಿಕೊಳ್ಳುತ್ತದೆ. ಸೈರನ್ ಕೂಗಿದ ದಿನ ನೀನು ಹಿಂದೆ ನಿಂತಿರುವುದಿಲ್ಲ.

ಸೇತುವೆಯ ಬಲಗಡೆ ಒಂದು ಜಾಗ ಖಾಲಿ ಬಿಟ್ಟಿದ್ದೀಯ. ನಮ್ಮ ಮನೆ ಇದ್ದ ಜಾಗ. ಈಗ ಅಲ್ಲಿ ಏನೂ ಇಲ್ಲವೆಂದು ನನಗೂ ಗೊತ್ತು. ಆದರೆ ಖಾಲಿ ಜಾಗ ಕಂಡರೆ ಮಕ್ಕಳು ಅಲ್ಲಿಗೆ ನುಗ್ಗುತ್ತವೆ. ಕಲ್ಲೋ ಬೇಲಿಯೋ ಏನಾದರೂ ಇಡು.

ಚಿನಾರ್


ಸಾರಿ-ಕೆಚ್ಚು
ಮೇ 9

ಚಿನಾರ್,

ಬೇಲಿ ಹಾಕಿದೆ. ಹಾಕುವಾಗ ಅಳು ಬಂತು.

ಮೊದಲು ಒಳ್ಳೆಯ ಸುದ್ದಿ ಹೇಳಿಬಿಡುತ್ತೇನೆ. ಲೆವೆಲ್ ಮುಗಿಯಿತು. ನಲವತ್ತೊಂದು ಮಕ್ಕಳೂ ಆಡುತ್ತಿದ್ದಾರೆ, ನಲವತ್ತೊಂದು ಜನರೂ ಹತ್ತು ನಿಮಿಷದೊಳಗೆ ಗುಡ್ಡ ಮುಟ್ಟುತ್ತಾರೆ. ತುರ್ಗುನ್‌ಬಾಯ್ ಬಾಯ್ಕೆ, ಊರಿಗೆಲ್ಲ ಅಣ್ಣ ಅನ್ನಿಸಿಕೊಂಡವರು, ಬಂದು ನೋಡಿ, “ಅರೆರೆ, ನನ್ನ ಮನೇನೂ ಇದೆಯಲ್ಲಮ್ಮ!” ಅಂತ ಹಿಗ್ಗಿ, ಜಿಲ್ಲೆಗೆ ಬರೆದು ನನಗೊಂದು ಪ್ರಶಸ್ತಿಪತ್ರ ತರಿಸಿದರು. ಮೊದಮೊದಲು ಒಂದು ತೊಡಕಿತ್ತು. ಗೊಂಬೆ ಗುಡ್ಡ ಸೇರಲು ಇಪ್ಪತ್ತೈದು ನಿಮಿಷ ತೆಗೆದುಕೊಳ್ಳುತ್ತಿತ್ತು. ನನ್ನದೇ ತಪ್ಪಿರಬೇಕೆಂದು ಊರ ಹಿರಿಯರನ್ನೆಲ್ಲ ಕೇಳಿದೆ. ಸೇತುವೆಗೆ ಎರಡು ನಿಮಿಷ, ಕಣಕ್ಕೆ ನಾಲ್ಕು, ನೆತ್ತಿಗೆ ನಾಲ್ಕು ಅಂತ ಎಲ್ಲರದ್ದೂ ಒಂದೇ ಮಾತು. ಆಮೇಲೆ ನಡಿಗೆಯ ವೇಗದ ಅಂಕಿ ಸಿಕ್ಕಿತು. ನೀನು ಮುಟ್ಟಬೇಡ ಅಂದಿದ್ದೆ, ಆದರೆ ನಿನ್ನ ಗೊಂಬೆ ಪಟ್ಟಣದ್ದು, ಕಾಲಲ್ಲಿ ಕಸುವಿಲ್ಲ. ಸ್ವಲ್ಪ ಏರಿಸಿದೆ. ಈಗ ಸರಿಯಾಗಿ ಹತ್ತು.

ಇನ್ನೊಂದು ವಿಷಯ. ಹನ್ನೆರಡು ವರ್ಷ ನುಂಗಿಕೊಂಡಿದ್ದೇನೆ. ನಿಮ್ಮ ಮನೆ ಕೊಚ್ಚಿಹೋದ ಆ ದಿನ ಕೆಸರು ಬರುವುದನ್ನು ಊರಲ್ಲಿ ಮೊದಲು ಕಂಡವಳು ನಾನು. ಸೇತುವೆಯ ಮೇಲಿದ್ದೆ. ನಿಮ್ಮ ಮನೆ ಹತ್ತು ಹೆಜ್ಜೆ, ನಮ್ಮ ಮನೆ ಇನ್ನೂರು ಹೆಜ್ಜೆ ಮೇಲೆ. ನಾನು ನಮ್ಮ ಮನೆಗೆ ಓಡಿದೆ. ನಿಮ್ಮ ಬಾಗಿಲು ತಟ್ಟಲಿಲ್ಲ. ನಿಮ್ಮಪ್ಪ ಸಬೀರ್ ಚಿಕ್ಕಪ್ಪ ಒಳಗೆ ಮಲಗಿದ್ದರೆಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿದ್ದೇನೆ.

ನನ್ನ ಗಂಡ ಕುಬಾತ್ ನಿನ್ನೆ ಕುರಿ ಹೊಡೆದುಕೊಂಡು ಬೇಸಿಗೆಯ ಹುಲ್ಲುಗಾವಲಿಗೆ ಹೊರಟ. ಗಂಡಸರು, ಕುದುರೆಗಳು ಎಲ್ಲ ಹೋದರು. ಊರಲ್ಲಿ ಮುದುಕಿಯರು, ಮಕ್ಕಳು, ನಾವು ಕೆಲವು ಹೆಂಗಸರು ಅಷ್ಟೆ.

ಬುರುಲ್


ಬಿಷ್ಕೆಕ್
ಮೇ 20

ಬುರುಲ್,

ಹನ್ನೆರಡು ವರ್ಷದ ಮಾತನ್ನು ಓದಿದೆ. ಅದಕ್ಕೆ ಈಗ ಉತ್ತರ ಬರೆಯುವುದಿಲ್ಲ, ಈಗ ಅದಕ್ಕೆ ಹೊತ್ತಿಲ್ಲ.

ಪೆದ್ದಿ! ಗೊಂಬೆಯನ್ನು ಮುಟ್ಟಬೇಡ ಅಂದಿದ್ದೆ! ನಿನ್ನ ಲೆವೆಲ್ ತೆರೆದು ಕೂತಿದ್ದೆ, ಪಕ್ಕದ ಮೇಜಿನವಳು, ಪಟ್ಟಣದಲ್ಲೇ ಹುಟ್ಟಿದವಳು, ಬಗ್ಗಿ ನೋಡಿ ಕೇಳಿದಳು: “ಈ ಮಗು ಯಾಕೆ ಹಿಂಗೆ ಹಾರ್ಕೊಂಡು ಹೋಗ್ತಿದೆ?” ಅವಳು ಕೇಳುವವರೆಗೆ ನನಗೂ ಹೊಳೆಯಲಿಲ್ಲ. ನನಗೂ ಸೇತುವೆ ಅಂದರೆ ಎರಡು ನಿಮಿಷವೇ. ನಮ್ಮೂರಲ್ಲಿ ಯಾರು ಯಾವತ್ತು ನಡೆದುಹೋಗುವ ದೂರ ಹೇಳಿದ್ದಾರೆ? ದೂರ ಕೇಳಿದರೆ ಜೀನಿನ ಮೇಲೆ ಕೂತೇ ಹೇಳುತ್ತಾರೆ. ನಿನ್ನ ಹಿರಿಯರು ಹೇಳಿದ್ದು ಕುದುರೆಯ ನಿಮಿಷ. ಮೊಹರಿನಲ್ಲಿರುವುದೂ ಕುದುರೆಯ ನಿಮಿಷ. ನೀನು ಮಗುವಿಗೆ ಕುದುರೆಯ ಕಾಲು ಹಾಕಿದ್ದೀಯ.

ಕುದುರೆಗಳೆಲ್ಲ ಹೋದವು ಅಂತ ನೀನೇ ಬರೆದಿದ್ದೀಯಲ್ಲ. ಸೈರನ್ ಕೂಗಿದರೆ ಯಾವುದರ ಮೇಲೆ ಹತ್ತುತ್ತೀಯ?

ಕಾಗದ ಮಡಚಿಟ್ಟು ಈಗಲೇ ಎದ್ದು ಹೊರಡು. ಮೀರಿಮ್‌ಳ ಕೈ ಹಿಡಿದುಕೋ, ಶಾಲೆಯಲ್ಲಿ ಎಲ್ಲರಿಗಿಂತ ನಿಧಾನದ ಮಗುವನ್ನು ಕರೆದುಕೋ, ಗಡಿಯಾರ ನೋಡಿಕೊಂಡು ಶಾಲೆಯ ಬಾಗಿಲಿಂದ ನೆತ್ತಿಯವರೆಗೆ ನಡೆ. ಎಷ್ಟಾಯಿತೆಂದು ಬರಿ.

ಚಿನಾರ್


ಸಾರಿ-ಕೆಚ್ಚು
ಜೂನ್ 3

ಚಿನಾರ್,

ಇಪ್ಪತ್ತಾರು.

ಓಡಿದೆವು, ನಡೆದೆವು, ಚಿಕ್ಕವಳನ್ನು ಬೆನ್ನ ಮೇಲೆ ಹಾಕಿಕೊಂಡೆ. ಆದರೂ ಇಪ್ಪತ್ತಾರು. ಹದಿನಾಲ್ಕು ಆದಾಗ ಎಲ್ಲಿದ್ದೇವೆಂದು ಸುತ್ತ ನೋಡಿದೆ. ಸೇತುವೆ ದಾಟಿ ಕಣದ ತಗ್ಗಿನಲ್ಲಿದ್ದೆವು, ಹೊಳೆಯ ಪಕ್ಕದಲ್ಲೇ. ವಾಪಸ್ ಬರುವಾಗ ಅಲ್ಲೇ ಬೇಲಿ ಹಿಡಿದುಕೊಂಡು ಕೂತುಬಿಟ್ಟೆ. ಮೀರಿಮ್ ನನ್ನ ಬೆನ್ನು ಸವರುತ್ತ, “ಅಮ್ಮಾ, ಆಟದಲ್ಲಿ ಇಷ್ಟು ದೂರ ಇಲ್ವಲ್ಲ” ಅಂದಳು.

ನಲವತ್ತೊಂದು ಮಕ್ಕಳ ಕಾಲಿಗೆ ನಾನು ಆ ದಾರಿ ಕಲಿಸಿದ್ದೇನೆ. ಎಷ್ಟು ಚೆನ್ನಾಗಿ ಕಲಿತಿವೆ ಗೊತ್ತಾ? ಕಣ್ಣು ಮುಚ್ಚಿಕೊಂಡು ಹೋಗುತ್ತವೆ.

ಬಾಯ್ಕೆಯ ಹತ್ತಿರ ಹೋದೆ. “ನಾನು ಏಳೇ ನಿಮಿಷಕ್ಕೆ ಹತ್ತುತ್ತೀನಿ ಕಣಮ್ಮ” ಅಂದರು. “ಕುದುರೆ ಮೇಲೆ ತಾನೆ ಬಾಯ್ಕೆ?” ಅಂದೆ. “ಮತ್ತಿನ್ನೇನು ಕತ್ತೆ ಮೇಲಾ?” ಅಂದು ನಕ್ಕರು. ನಾನು ನಗದೇ ನಿಂತಿದ್ದು ನೋಡಿ ನಗು ನಿಂತಿತು. ಆಮೇಲೆ, “ಜಿಲ್ಲೆಗೆ ಹೋಗಿದೆ, ಮೊಹರು ಬಿದ್ದಿದೆ. ಈಗ ಹೆಂಗೆ ಬದಲಾಯಿಸೋದು?” ಅಂತ ಗೊಣಗುತ್ತ ಒಳಗೆ ಹೋದರು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಮೀರಿಮ್‌ಳ ಚಪ್ಪಲಿಯ ಪಟ್ಟಿ ಬಿಗಿ ಮಾಡತೊಡಗಿದರು. ಅದನ್ನು ನೋಡಿ ನನಗೆ ಇನ್ನೂ ಭಯವಾಯಿತು.

ಈ ವಾರ ಬಿಸಿಲು ಜೋರಾಗಿದೆ. ಏನು ಮಾಡಲಿ ಹೇಳು.

ಬುರುಲ್


ಬಿಷ್ಕೆಕ್
ಜೂನ್ 8

ಬುರುಲ್,

ಅಳುವುದನ್ನು ನಿಲ್ಲಿಸಿ ಯಂತ್ರದ ಮುಂದೆ ಕೂತುಕೋ.

ದಾರಿ ಉದ್ದವಾದರೆ ಆಡುವವರನ್ನು ಅವಸರಪಡಿಸಬಾರದು, ತಲುಪುವ ಜಾಗವನ್ನೇ ಹತ್ತಿರ ತರಬೇಕು. ಗೊಂಬೆಯ ವೇಗವನ್ನು ಮೊದಲಿನಂತೆ ಮಾಡು. ಊರಿನಷ್ಟು ಅಗಲದ ಒಂದು ನೀಲಿ ಪೆಟ್ಟಿಗೆ ಮಾಡು, ಅದೇ ನೀರು. ಹೊಳೆಯ ಮಟ್ಟದಿಂದ ಒಂದೊಂದೇ ಚೌಕ ಮೇಲಕ್ಕೆತ್ತು. ಕೆರೆ ಅಳೆಯಲು ಬಂದವರು ಹೇಳಿದ ಎತ್ತರಕ್ಕೆ ನಿಲ್ಲಿಸು. ಶಾಲೆಯ ಹತ್ತಿರ ಒಣಗಿ ಉಳಿದಿರುವುದು ಏನೆಂದು ನೋಡು.

ನಾನು ಇಲ್ಲಿ ಮಾಡಿ ನೋಡಿದೆ. ನಿನ್ನ ಲೆವೆಲ್‌ನಲ್ಲಿ ಏನೂ ಉಳಿಯಲಿಲ್ಲ. ಯಾಕೆಂದರೆ ಶಾಲೆಯ ಹಿಂದೆ ನೀನು ಏನನ್ನೂ ಕಟ್ಟಿಲ್ಲ, ಬಯಲು ಬಿಟ್ಟಿದ್ದೀಯ. ಅಲ್ಲಿ ಏನಿದೆ ಬುರುಲ್? ಗೋರಿಗುಡ್ಡ ಇದೆ. ಹೆಂಗಸರು ಕಾಲಿಡಬಾರದು, ಮಕ್ಕಳು ಬೆರಳು ಮಾಡಿ ತೋರಿಸಬಾರದು. ಅದಕ್ಕೇ ನಿನ್ನ ಕಣ್ಣಿಗೆ ಅದು ಬೀಳಲೇ ಇಲ್ಲ, ತುರ್ಗುನ್‌ಬಾಯ್ ನಕ್ಷೆಯಲ್ಲೂ ಇಲ್ಲ. ನಾನು ನೆನಪಿನಿಂದ ಕಟ್ಟಿ ಕಳಿಸಿದ್ದೇನೆ. ಶಾಲೆಯ ಬಾಗಿಲಿಂದ ಮೇಲಿನ ಗೋರಿಗಳವರೆಗೆ ಮಗುವಿನ ಹೆಜ್ಜೆಯಲ್ಲಿ ಏಳು ನಿಮಿಷ.

ಏನೇನು ಗಲಾಟೆಯಾಗುತ್ತದೆಂದು ನನಗೆ ಗೊತ್ತು. ಆದರೂ ಅದೊಂದೇ ಇರುವುದು.

ಚಿನಾರ್


ಸಾರಿ-ಕೆಚ್ಚು
ಜೂನ್ 22

ಚಿನಾರ್,

ಏಳೂವರೆ. ನಾನೇ ಹತ್ತಿ ನೋಡಿದೆ, ಮಧ್ಯಾಹ್ನ, ಮೀರಿಮ್ ಜೊತೆ. ಹಾಗೆ ಹತ್ತಿದ್ದನ್ನು ಅರ್ಧ ಊರು ನೋಡಿತು.

ಮನೆಗೆ ಬರುವಷ್ಟರಲ್ಲಿ ಅತ್ತೆ ಅಂಗಳದಲ್ಲಿ ನಿಂತಿದ್ದರು.

“ಸತ್ತವರ ಎದೆ ಮೇಲೆ ಮಕ್ಕಳನ್ನ ಓಡಿಸ್ತೀಯೇನೇ?”

“ಬದುಕಿರೋರು ಉಳೀಬೇಕಲ್ಲ ಅತ್ತೆ.”

“ನನ್ನ ಗಂಡ ಅಲ್ಲಿದಾನೆ. ನಲವತ್ತು ವರ್ಷ ಅವನೆದುರಿಗೆ ನಾನು ಬರಿತಲೇಲಿ ನಿಂತೋಳಲ್ಲ. ಈಗ ಅವನ ತಲೆ ಮೇಲೆ ಚಪ್ಪಲಿ ಕಾಲಿಡ್ಲಾ? ನಾನು ಮೊಹರಿನ ದಾರೀಲೇ ಹೋಗ್ತೀನಿ.”

“ನಿಮ್ಮ ಕಾಲಿಗೆ ಅದು ಒಂದು ಗಂಟೆ ಆಗತ್ತೆ!”

“ಆಗ್ಲಿ ಬಿಡು. ನಂಗೇನು ಅವಸರ?”

ಊರ ಮೌಲ್ವಿಯೂ ಬಂದರು. ಮೂರು ಬಟ್ಟಲು ಚಹಾ ಕುಡಿದರು, ಹೌದು ಅನ್ನಲಿಲ್ಲ, ಬೇಡ ಅನ್ನಲಿಲ್ಲ. “ಅಲ್ಲಿ ಮಲಗಿರೋರ ಮನೆಯವರು ಒಪ್ಪಬೇಕಲ್ಲಮ್ಮ” ಅಂದು ಎದ್ದರು. ನಾನು ಯಾರನ್ನೂ ಕಾಯದೆ ಒಂಬತ್ತು ಯಂತ್ರಗಳಿಂದಲೂ ಹಳೆಯ ಲೆವೆಲ್ ಅಳಿಸಿ ಹೊಸದನ್ನು ಹಾಕಿದೆ. ಬೇಸಿಗೆಯಾದರೂ ದಿನಾ ಬೆಳಗ್ಗೆ ಶಾಲೆ ತೆರೆದು ಆಡಿಸುತ್ತಿದ್ದೇನೆ.

ನೀನು ಹೇಳಿದಂತೆ ಬಾಯಿ ಮುಚ್ಚಿಕೊಂಡು ಹಿಂದೆ ನಿಂತೆ. ಏನು ಕಂಡೆ ಗೊತ್ತಾ? ಗೊಂಬೆ ಗೋರಿಗುಡ್ಡದ ಗೇಟಿನ ಹತ್ತಿರ ಬಂದ ಕೂಡಲೇ ಮಕ್ಕಳು ಅದನ್ನು ನಿಲ್ಲಿಸುತ್ತವೆ. ಕೀಲಿಮಣೆಯಿಂದ ಕೈ ತೆಗೆದು, ಎರಡೂ ಅಂಗೈ ಎತ್ತಿ, ಸತ್ತವರಿಗೆ ಪ್ರಾರ್ಥನೆ ಹೇಳಿ, ಮುಖ ಸವರಿಕೊಂಡು, ಆಮೇಲೆ ಮುಂದೆ ಹೋಗುತ್ತವೆ. ಯಾರೂ ಹೇಳಿಕೊಟ್ಟಿಲ್ಲ. ನಮ್ಮ ಮಕ್ಕಳು ಗೋರಿ ಕಂಡರೆ ನಿಲ್ಲದೆ ಇರುತ್ತವಾ? ಆಟದಲ್ಲೇ ಹೀಗೆ. ನಿಜವಾಗಿ ನಲವತ್ತೊಂದು ಮಕ್ಕಳು ಆ ಕಿರಿದಾದ ಗೇಟಿನಲ್ಲಿ ಒಟ್ಟಿಗೆ ನಿಂತರೆ, ಹಿಂದಿನವರ ಗತಿಯೇನು? ಬೈಯಲು ಬಾಯಿ ಬರುವುದಿಲ್ಲ. ಬೇಡ ಅನ್ನಲೂ ಹೆದರಿಕೆ.

ಬುರುಲ್


ಬಿಷ್ಕೆಕ್
ಜೂನ್ 28

ಬುರುಲ್,

ಆಡುವವರು ಮಾಡಿಯೇ ಮಾಡುವುದನ್ನು ತಡೆಯಲು ಹೋಗಬಾರದು, ಜಾಗ ಬದಲಾಯಿಸಬೇಕು. ಗೇಟನ್ನು ಮಂಕು ಮಾಡಿದ್ದೇನೆ. ನಿಲ್ಲಲು ಅಲ್ಲೇನೂ ಇಲ್ಲ. ಎಲ್ಲಕ್ಕಿಂತ ಮೇಲಿನ ಗೋರಿಯ ಹತ್ತಿರ ಅಗಲವಾದ ಸಮತಟ್ಟು ಮಾಡಿ ಬಿಸಿಲು ಬೀಳಿಸಿದ್ದೇನೆ. ಅಲ್ಲಿ ಹೋಗಿ ಮುಖ ಸವರಿಕೊಂಡರೆ ಮಾತ್ರ ಆಟ ಗೆದ್ದ ಹಾಗೆ. ಪ್ರಾರ್ಥನೆ ಮೇಲೆ ಹೇಳಬೇಕು, ಅಲ್ಲಿಂದ ಸತ್ತವರೆಲ್ಲರಿಗೂ ಒಟ್ಟಿಗೆ ಕೇಳಿಸುತ್ತದೆ ಅಂತ ಮಕ್ಕಳಿಗೆ ಹೇಳು.

ಆ ಮೇಲಿನ ಗೋರಿ ನನ್ನ ಅಪ್ಪನದು. ಜೊತೆಗಿರುವ ಇನ್ನೊಂದು ಕಾಗದ ಮೌಲ್ವಿಗೆ. ಸಬೀರನ ಮಗಳಾದ ನಾನು, ನನ್ನ ಅಪ್ಪನ ಮೇಲೆ ಊರಿನ ಮಕ್ಕಳು ಓಡಬಹುದು ಎಂದು ಬರೆದು ಸಹಿ ಹಾಕಿದ್ದೇನೆ. ಒಂದು ಮನೆಯವರು ಒಪ್ಪಿದರೆ ಉಳಿದವರಿಗೂ ಒಪ್ಪಲು ಬಾಯಿ ಬರುತ್ತದೆ.

ಇನ್ನು ನೀನು ಬರೆದದ್ದಕ್ಕೆ. ನಿನಗಾಗ ಹದಿನೇಳು. ನಿಮ್ಮ ಅಮ್ಮ, ಇಬ್ಬರು ತಮ್ಮಂದಿರು ಮನೆಯಲ್ಲಿದ್ದರು. ನಿನ್ನ ಜಾಗದಲ್ಲಿದ್ದಿದ್ದರೆ ನಾನೂ ನಮ್ಮ ಮನೆಗೇ ಓಡುತ್ತಿದ್ದೆ. ನನಗೆ ಕೋಪ ಬಂದಿದ್ದು ನೀನು ಓಡಿದ್ದಕ್ಕಲ್ಲ, ಆಮೇಲೆ ಒಂದು ದಿನವೂ ನನ್ನ ಮುಖ ನೋಡದೆ ಹೋಗಿದ್ದಕ್ಕೆ. ಇಷ್ಟೇ. ಇದನ್ನು ಮತ್ತೆ ಎತ್ತಬೇಡ.

ಚಿನಾರ್


ಸಾರಿ-ಕೆಚ್ಚು
ಜುಲೈ 19

ಚಿನಾರ್,

ಬದುಕಿದ್ದೇವೆ. ಎಲ್ಲರೂ. ರೇಡಿಯೋದಲ್ಲಿ ಕೇಳಿ ನೀನು ಎದೆ ಒಡೆದುಕೊಂಡಿರುತ್ತೀಯ. ದಾರಿ ಕೊಚ್ಚಿಹೋಗಿ ಎಸೆನ್‌ಕುಲ್ ಇವತ್ತು ಬಂದ.

ಹದಿನಾಲ್ಕನೇ ತಾರೀಕು ಬೆಳಗ್ಗೆ ಕರೆಂಟ್ ಹೋಗಿತ್ತು. ಮಕ್ಕಳನ್ನು ಹೊರಗೆ ಆಡಿಕೊಳ್ಳಲು ಬಿಟ್ಟು ಮನೆಗೆ ಬಂದು ಹಿಟ್ಟು ನಾದುತ್ತಿದ್ದೆ. ಹನ್ನೊಂದು ಗಂಟೆಗೆ ಸೈರನ್ ಕೂಗಿತು, ಅದು ಬ್ಯಾಟರಿಯದು. ಕೈಯೆಲ್ಲ ಹಿಟ್ಟು. ಹೊರಗೆ ಬಂದರೆ ಅತ್ತೆ ಹೇಳಿದ ಮಾತಿನಂತೆ ಕೋಲೂರಿಕೊಂಡು ಸೇತುವೆಯ ಕಡೆ ಹೊರಟಿದ್ದಾರೆ, ಮೊಹರಿನ ದಾರಿ ಹಿಡಿದು. ಮೇಲಿನಿಂದ ಆಗಲೇ ಗುಡುಗಿನಂಥ ಸದ್ದು ಬರುತ್ತಿತ್ತು. ನಾನು ಅವರ ಹಿಂದೆ ಇಳಿಜಾರಿನಲ್ಲಿ ಓಡಿದೆ.

ಎದುರಿಗೆ ಹೊಳೆಯ ಕಡೆಯಿಂದ ಮಕ್ಕಳ ಗುಂಪು ಓಡಿ ಬಂತು. ಅದರಲ್ಲಿ ಮೀರಿಮ್. ಒದ್ದೆ ಕಾಲು, ಚಪ್ಪಲಿಯಿಲ್ಲ. ನಾನು ನಿಂತು ಕೈಚಾಚಿ ಕೂಗಿದೆ, “ಮೀರಿಮ್! ಇಲ್ಲಿ ಬಾ! ನನ್ನ ಹತ್ರ ಬಾ!” ಅವಳು ನನ್ನ ಪಕ್ಕದಲ್ಲೇ ಹಾದುಹೋದಳು. ಕೈಗೆ ಸಿಗುವಷ್ಟು ಹತ್ತಿರ. ತಿರುಗಿ ನೋಡಲಿಲ್ಲ. ಮತ್ತೆ ಕೂಗಿದೆ. ಅವಳು ಓಣಿಯಲ್ಲಿ ಗುಡ್ಡದ ಕಡೆ ತಿರುಗಿ ಕಣ್ಮರೆಯಾದಳು.

ಅತ್ತೆಯನ್ನು ಹೇಗೆ ವಾಪಸ್ ಎಳೆದು ತಂದೆನೋ ಗೊತ್ತಿಲ್ಲ. ಗೇಟಿನ ಹತ್ತಿರ ಬಂದು ನಿಂತುಬಿಟ್ಟರು, ಕಂಬ ಹಿಡಿದುಕೊಂಡು. “ಬೇಡ ಕಣೇ, ನನ್ನನ್ನ ಇಲ್ಲೇ ಬಿಡು” ಅಂದರು. ಎರಡೂ ಕೈಯಿಂದ ಅವರ ಬೆನ್ನಿಗೆ ನೂಕಿದೆ. ನನ್ನ ಅತ್ತೆಯನ್ನು, ಚಿನಾರ್, ದನ ಅಟ್ಟುವ ಹಾಗೆ. ನಾವು ನಾಲ್ಕನೇ ಸಾಲಿನ ಗೋರಿ ದಾಟುವಾಗ ಕೆಸರು ಆ ಕಂಬವನ್ನು ಕಿತ್ತುಕೊಂಡು ಹೋಯಿತು.

ಮೇಲೆ ಮಕ್ಕಳು ನಿನ್ನ ಅಪ್ಪನ ಸುತ್ತ ನಿಂತಿದ್ದವು. ಒಂದೂ ಗೇಟಿನಲ್ಲಿ ನಿಂತಿರಲಿಲ್ಲ. ಎಣಿಸಿದೆ, ನಲವತ್ತೊಂದು. ಮತ್ತೆ ಎಣಿಸಿದೆ. ಶಾಲೆ, ಸೇತುವೆ, ಕೆಳಗಿನ ಓಣಿ, ಒಂಬತ್ತು ಯಂತ್ರಗಳು, ಎಲ್ಲ ಹೋಗಿವೆ. ಮೌಲ್ವಿ ಹಿಂದಿನ ಶುಕ್ರವಾರವೇ ನಿನ್ನ ಕಾಗದವನ್ನು ಎಲ್ಲರಿಗೂ ಓದಿ ಹೇಳಿದ್ದರು. ತಾಯಂದಿರೆಲ್ಲ ಹತ್ತಿಬಂದಿದ್ದರು.

ಮೀರಿಮ್‌ಳನ್ನು ಅಪ್ಪಿಕೊಂಡು ಕೇಳಿದೆ, “ನಾನು ಕರೆದಿದ್ದು ಕೇಳಿಸಲಿಲ್ವಾ?”

“ಕೇಳಿಸ್ತು” ಅಂದಳು.

“ಮತ್ಯಾಕೆ ನಿಲ್ಲಲಿಲ್ಲ?”

“ಆಟದಲ್ಲಿ ಅಮ್ಮ ಇಲ್ವಲ್ಲ.”

ನಾನು ಕರೆದ ಜಾಗದಲ್ಲಿ ಈಗ ಮನೆಯಷ್ಟು ಎತ್ತರದ ಕಲ್ಲು ಬಿದ್ದಿದೆ. ಅವಳು ಬಂದಿದ್ದರೆ ಅತ್ತೆ, ಅವಳು, ಇಬ್ಬರ ಜೊತೆ ನಾನು ಗೇಟು ಮುಟ್ಟುತ್ತಿರಲಿಲ್ಲ. ನಾನೇ ಕರೆದೆ, ಚಿನಾರ್. ಗೊತ್ತಿದ್ದವಳೇ ಕರೆದೆ.

ಕೆರೆ ಅಳೆದ ಪಟ್ಟಣದವರು ಮತ್ತೆ ಬಂದಿದ್ದರು. ಕೆರೆ ಅರ್ಧ ಮಾತ್ರ ಖಾಲಿಯಾಗಿದೆಯಂತೆ. ಆಗಸ್ಟ್‌ನಲ್ಲಿ ಮತ್ತೆ ಒಡೆಯಬಹುದು. ಮಕ್ಕಳಿಗೆ ಲೆವೆಲ್ ಮತ್ತೆ ಬೇಕು, ನಿನ್ನ ಹತ್ತಿರ ಇರುವುದೊಂದೇ ಪ್ರತಿ. ಕಣದ ಆಚೆಯ ಊರಿನವರು ಎರಡು ಯಂತ್ರ ಕೊಡುತ್ತಾರೆ. ನಿನ್ನೆ ಅತ್ತೆ ಒಂದೇ ಮಾತು ಹೇಳಿದರು: “ಇನ್ನೊಂದು ಸಲ ಕೂಗಿದ್ರೆ ನಾನು ಹಾಸಿಗೆ ಬಿಟ್ಟು ಏಳಲ್ಲ.” ಮೇಲಿನ ಹುಲ್ಲುಗಾವಲಿಗೆ ಮಗನ ಹತ್ತಿರ ಹೋಗಿರಿ ಅಂದರೆ ಗೋಡೆಯ ಕಡೆ ತಿರುಗಿ ಮಲಗುತ್ತಾರೆ.

ಒಂದು ಕೇಳಬೇಕು. ಮೀರಿಮ್ ಈಗ ರಾತ್ರಿಹಗಲು ನನ್ನ ಸೆರಗು ಬಿಡುವುದಿಲ್ಲ. ಲೆವೆಲ್‌ನಲ್ಲಿ ಅಮ್ಮನನ್ನು ಇಡೋಣವಾ? ಇಟ್ಟರೆ ಎಲ್ಲಿ?

ಬುರುಲ್


ಬಿಷ್ಕೆಕ್
ಜುಲೈ 24

ಬುರುಲ್,

ನಿನ್ನ ಕಾಗದ ಬರುವವರೆಗೆ ಐದು ದಿನ ನಾನು ಕೆಲಸಕ್ಕೆ ಹೋಗಲಿಲ್ಲ.

ಅಮ್ಮನನ್ನು ಇಟ್ಟಿದ್ದೇನೆ. ಗೊಂಬೆ ಅವಳನ್ನು ಎಲ್ಲಿ ಕಂಡರೆ ಅಲ್ಲಿಗೆ ಓಡುತ್ತದೆ, ಅದಕ್ಕೆ ಬೇರೆ ಬೆಳಕೇ ಬೇಡ. ಮನೆಯ ಮುಂದೆ ಇಟ್ಟು ನೋಡಿದೆ, ಮನೆಗೆ ಓಡಿತು. ಓಣಿಯಲ್ಲಿ ಇಟ್ಟೆ, ಓಣಿಯಲ್ಲೇ ನಿಂತಿತು. ಹಾಗಾಗಿ ಕೆಳಗೆ ಎಲ್ಲೂ ಇಟ್ಟಿಲ್ಲ. ಮೇಲೆ, ಅಪ್ಪನ ಗೋರಿಯ ಪಕ್ಕ, ಒಂದೇ ಕಡೆ ಇಟ್ಟಿದ್ದೇನೆ. ಶಾಲೆಯಿದ್ದ ಜಾಗದಿಂದ, ಹೊಳೆಯಿಂದ, ನಿಮ್ಮ ಅಂಗಳದಿಂದ, ಎಲ್ಲಿಂದ ನೋಡಿದರೂ ಕಾಣುತ್ತಾಳೆ.

ಪೆನ್‌ಡ್ರೈವ್ ಯಂತ್ರಕ್ಕೆ ಹಾಕುವ ಮೊದಲು ಯೋಚಿಸು. ಇದನ್ನು ಆಡಿದ ಮೇಲೆ ಮೀರಿಮ್ ನೀನು ಮೇಲಿದ್ದೀಯ ಎಂದುಕೊಂಡು ಓಡುತ್ತಾಳೆ. ಬಂದು ನೋಡಿದಾಗ ನೀನಿಲ್ಲದಿದ್ದರೆ ಹುಡುಕಿಕೊಂಡು ಕೆಳಗಿಳಿಯುತ್ತಾಳೆ. ಸೈರನ್ ಕೂಗಿದರೆ ಇನ್ನು ನೀನು ಯಾರ ಹಿಂದೆಯೂ ಓಡುವ ಹಾಗಿಲ್ಲ. ಸಾಕಿಶ್ ಅತ್ತೆ ಹಾಸಿಗೆಯಲ್ಲೇ ಇದ್ದರೂ.

ಆಗುತ್ತದೆ ಅನ್ನಿಸಿದರೆ ಮಾತ್ರ ಹಾಕು. ಇಲ್ಲದಿದ್ದರೆ ಹಳೆಯದೇ ಇರಲಿ, ಅದೂ ಜೊತೆಗಿದೆ. ಯಾವುದನ್ನು ಹಾಕಿದೆ ಎಂದು ನನಗೆ ಬರೆಯಬೇಡ.

ನಿನ್ನ ಚಿನಾರ್